ಕೂದಲು ಉದುರುತ್ತಿದ್ದರೆ ಎಣ್ಣೆ ಬದಲಿಸುವ ಮೊದಲು ಹೊಟ್ಟೆ ನೋಡಿ

ಇವತ್ತು ಬಾಚಣಿಗೆಗೆ ಬರುವ ಕೂದಲು ಬುಡ ಬಿಡಲು ಶುರುಮಾಡಿದ್ದು ಎರಡು-ಮೂರು ತಿಂಗಳ ಹಿಂದೆ. ಹಾಗಾಗಿ ಮೊದಲು ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿ. ಆಗ ಜೋರು ಜ್ವರ, ವಾಂತಿ-ಭೇದಿ, ಹೆರಿಗೆ ಏನಾದರೂ ಆಗಿತ್ತೇ? ಊಟ ಬಿಟ್ಟು ತೂಕ ಇಳಿಸಿದ್ದಿರೇ? ಜನವರಿಯಲ್ಲಿ ಮಂಗನ ಕಾಯಿಲೆಯಿಂದ ಎದ್ದವರಿಗೆ ಏಪ್ರಿಲ್‌ನಲ್ಲಿ ಕೂದಲು ಉದುರಿದರೆ ಅದು ಶಾಂಪೂವಿನ ತಪ್ಪಲ್ಲ. ಇಂಥದ್ದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅನುಮಾನವಿದ್ದರೆ ಒಂದು ದಿನ ತಲೆಸ್ನಾನ ಬಿಟ್ಟು, 50–60 ಕೂದಲನ್ನು ಬುಡದ ಹತ್ತಿರ ಬೆರಳಲ್ಲಿ ಹಿಡಿದು ತುದಿಯವರೆಗೆ ಮೆಲ್ಲನೆ ಎಳೆಯಿರಿ. ತಲೆಯ ನಾಲ್ಕು ಕಡೆ ಹೀಗೆ ಮಾಡಿ. ಪ್ರತಿ ಸಲ ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಕಾರಣ ಹುಡುಕಲೇಬೇಕು. ಗಂಡಸರಿಗೆ ಹಣೆ ಹಿಂದೆ ಸರಿದು ನೆತ್ತಿ ತೆಳುವಾಗುವುದು ವಂಶದಿಂದ ಬಂದದ್ದು. ಅದಕ್ಕೆ ಹೊಟ್ಟೆ ಸರಿಮಾಡಿ ಪ್ರಯೋಜನವಿಲ್ಲ. ನಾಣ್ಯದ ಅಗಲಕ್ಕೆ ನುಣ್ಣಗೆ ಬೋಳಾಗಿದ್ದರೆ ನೇರ ಚರ್ಮರೋಗ ವೈದ್ಯರ ಬಳಿ ಹೋಗಿ.

ಹೊಟ್ಟೆಗೂ ಕೂದಲಿಗೂ ಇರುವ ದೊಡ್ಡ ಕೊಂಡಿ ಕಬ್ಬಿಣ. ತಟ್ಟೆಯಲ್ಲಿ ಹರಿವೆ ಸೊಪ್ಪು, ಹುರಳಿ ಸಾರು ಇದ್ದರೆ ಸಾಲದು, ಅದು ಕರುಳು ದಾಟಿ ರಕ್ತಕ್ಕೆ ಸೇರಬೇಕು. ಸೊಪ್ಪು-ಕಾಳಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಸೇರುವುದಿಲ್ಲ. ಅದರ ಮೇಲೆ ನಮ್ಮ ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ ತಿಂದು ಕೈ ತೊಳೆಯುವ ಮೊದಲೇ ಕಾಫಿ ಲೋಟ ಬಂದಿರುತ್ತದೆ. ಕಾಫಿ-ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ಹಾಗೆಯೇ ಹೊರಗೆ ಹಾಕಿಸುತ್ತದೆ. ಕಾಫಿ ಬಿಡಬೇಕಾಗಿಲ್ಲ, ಊಟ-ತಿಂಡಿಗೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಕುಡಿಯಿರಿ.

ಹುರಳಿಯನ್ನು ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಅಂಶ ಕಡಿಮೆಯಾಗುತ್ತದೆ. ಸಾರಿಗೆ ಅರ್ಧ ನಿಂಬೆ ಹಿಂಡಿ, ಅದರ ಸಿ ಜೀವಸತ್ವ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ. ಆದರೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ಕುದಿಸಿದಷ್ಟೂ ಆ ಜೀವಸತ್ವ ಕಡಿಮೆಯಾಗುತ್ತದೆ. ಹಸಿ ನೆಲ್ಲಿಕಾಯಿ ಚಟ್ನಿಯೂ ಅಷ್ಟೇ ಒಳ್ಳೆಯದು.

ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಇನ್ನೊಂದನ್ನು ನೋಡಬೇಕು: ಕೊಕ್ಕೆಹುಳು. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಇದರ ಮರಿಗಳು ಬೆಳೆದು ಕಾಲಿನ ಚರ್ಮ ಕೊರೆದು ಒಳಗೆ ಹೋಗುತ್ತವೆ. ಆಗ ಬೆರಳ ಸಂದಿ ತುರಿಸಬಹುದು. ಸಣ್ಣ ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತವೆ, ಹೊಟ್ಟೆನೋವೇ ಇಲ್ಲದಿರಬಹುದು. ಶಾಲೆ-ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆ ಸಿಗುವುದು 1ರಿಂದ 19 ವರ್ಷದವರಿಗೆ. ತೋಟಕ್ಕಿಳಿಯುವ ಅಪ್ಪ-ಅಮ್ಮ ಅದರಿಂದ ಹೊರಗೇ ಉಳಿಯುತ್ತಾರೆ, ಇದು ನಿಜಕ್ಕೂ ಬೇಸರದ ಸಂಗತಿ. ದೊಡ್ಡವರು ಆರೋಗ್ಯ ಕೇಂದ್ರದಲ್ಲಿ ಮಲ ಪರೀಕ್ಷೆ ಕೇಳಿ. ಹುಳುವಿದ್ದರೆ ಸಾಮಾನ್ಯವಾಗಿ 400 ಮಿ.ಗ್ರಾಂ. ಅಲ್ಬೆಂಡಜೋಲ್ ಕೊಡುತ್ತಾರೆ, ಗರ್ಭಿಣಿಯರು ಮೊದಲ ಮೂರು ತಿಂಗಳು ತಿನ್ನಬಾರದು. ಹುಳು ಸತ್ತರೂ ಕಳೆದುಹೋದ ಕಬ್ಬಿಣ ವಾಪಸ್ ಬರುವುದಿಲ್ಲ, ಅದನ್ನು ಬೇರೆಯಾಗಿ ತುಂಬಬೇಕು. ತೋಟಕ್ಕೆ ಗಮ್‌ಬೂಟು ಹಾಕಿ.

ವರ್ಷಗಟ್ಟಲೆ ಗ್ಯಾಸ್ ಮಾತ್ರೆ ನುಂಗುವವರಲ್ಲಿ ಜಠರದ ಆಮ್ಲ ಕಡಿಮೆಯಾಗಿ ಕಬ್ಬಿಣ, ಬಿ12 ಎರಡೂ ಸರಿಯಾಗಿ ಸೇರದಿರಬಹುದು. ನೀವಾಗಿಯೇ ನಿಲ್ಲಿಸಬೇಡಿ, ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವುದು), ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರಬಹುದು. 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಎಂದೇ ಲೆಕ್ಕ. ಜ್ವರವಿದ್ದಾಗ ಮಾಡಿಸಬೇಡಿ, ಆಗ ಫೆರಿಟಿನ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ಜೀವಸತ್ವದ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು.

ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ ತೆಗೆದುಕೊಳ್ಳಿ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ಹೊಟ್ಟೆ ತೊಳಸಿದರೆ ಬಿಟ್ಟುಬಿಡುವ ಬದಲು ಊಟದ ನಂತರ ಅಥವಾ ದಿನ ಬಿಟ್ಟು ದಿನ ತಿನ್ನಬಹುದೇ ಎಂದು ಕೇಳಿ. ಮಲ ಕಪ್ಪಾಗುವುದು ಮಾತ್ರೆಯಿಂದ, ಹೆದರಬೇಡಿ. ಆದರೆ ಮಾತ್ರೆ ತಿನ್ನದೆಯೇ ಮಲ ಕಪ್ಪಾದರೆ, ರಕ್ತ ಕಂಡರೆ, ವಾರಗಟ್ಟಲೆ ಭೇದಿಯಾಗಿ ತೂಕ ಇಳಿದರೆ ಕೂದಲಿನ ಮಾತು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಉದುರುವುದು ನಿಂತ ಕೂಡಲೇ ಜಡೆ ದಪ್ಪವಾಗುವುದಿಲ್ಲ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂ.ಮೀ. ಬೈತಲೆಯ ಫೋಟೋವನ್ನು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ತೆಗೆದಿಡಿ. ಹಣೆಯಂಚಿನಲ್ಲಿ ಕುಚ್ಚು ಕುಚ್ಚಾಗಿ ಎದ್ದು ನಿಲ್ಲುವ ಗಿಡ್ಡ ಕೂದಲು ಮೊದಲು ಕಾಣಿಸುತ್ತದೆ.