ಹಿನ್ನೀರಿನ ತಳ ಓದಲು ಫಿಶ್ ಫೈಂಡರ್: ಕಟ್ಟುವುದು, ಹೊಂದಿಸುವುದು, ನೋಡುವುದು

ಅಮೆರಿಕದಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರ ದೋಣಿಯಲ್ಲಿ ಫಿಶ್ ಫೈಂಡರ್, ಅಂದರೆ ಶಬ್ದ ಬಿಟ್ಟು ನೀರಿನಡಿ ಏನಿದೆ ಎಂದು ತೋರಿಸುವ ಯಂತ್ರದ ಎರಡು ಮೂರು ಪರದೆ ಇರುವುದು ಈಗ ಮಾಮೂಲು. ಅದನ್ನು ವಿಡಿಯೋದಲ್ಲಿ ನೋಡಿ, ಮೀನು ಎಲ್ಲಿದೆ ಅಂತ ಯಂತ್ರವೇ ಹೇಳಿಬಿಡುತ್ತದೆ ಎಂದುಕೊಂಡು ಫಿಶ್ ಫೈಂಡರ್ ಕೊಂಡವರಿಗೆ ನಮ್ಮ ಹಿನ್ನೀರಿನಲ್ಲಿ ನಿರಾಸೆಯೇ ಹೆಚ್ಚು. ಬಾಸ್‌ನವರು ಅದನ್ನು ನೆಚ್ಚಿಕೊಂಡಿರುವ ಕಾರಣವೇ ಬೇರೆ. ಆ ಮೀನು ಹೆಚ್ಚಾಗಿ ಮುಳುಗಿದ ಮರ, ಕಲ್ಲುರಾಶಿ, ಹಳೆ ಹೊಳೆಪಾತ್ರದ ಅಂಚು, ಆಳ ಥಟ್ಟನೆ ಬದಲಾಗುವ ಜಾಗ, ಇಂಥವುಗಳ ಆಸರೆಯಲ್ಲಿ ನಿಂತು ಸಣ್ಣ ಮೀನಿಗೆ ಹೊಂಚು ಹಾಕುತ್ತದೆ. ಉಳಿದ ನೀರು ಬಹುಪಾಲು ಖಾಲಿ. ಗಾಳದ ಸ್ಪರ್ಧೆಯ ದಿನ ಕೈಯಲ್ಲಿರುವುದು ಕೆಲವೇ ಗಂಟೆ, ಆದ್ದರಿಂದ ಖಾಲಿ ನೀರನ್ನು ಗುರುತಿಸಿ ಬೇಗ ಬಿಟ್ಟು ಹೋಗಲು ಅವರಿಗೆ ಪರದೆ ಬೇಕು. ಮೊದಲು ತಳ, ಆಮೇಲೆ ಮೀನು.

ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಬಾಸ್ ಇಲ್ಲ, ಆದರೆ ಈ ಕ್ರಮ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. 1964ರಲ್ಲಿ ಮುಗಿದ ಆ ಅಣೆಕಟ್ಟೆಯ ಹಿನ್ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್ ಹರಡುತ್ತದೆ. ಅದರಡಿಯಲ್ಲಿ ಗದ್ದೆ, ತೋಟ, ರಸ್ತೆ, ಹಳ್ಳದ ಜಾಡು, ಕಡಿಯದೆ ಬಿಟ್ಟ ಮರ, ಅಷ್ಟೇ ಏಕೆ, ಹಿರೇಭಾಸ್ಕರ ಎಂಬ ಇಡೀ ಹಳೆಯ ಅಣೆಕಟ್ಟೆಯೇ ಇದೆ. ಗದ್ದೆಯ ಬದು, ತೋಟದ ಅಗಳು, ಧರೆ ಎಂಬ ಕಡಿದಾದ ಮಣ್ಣಿನ ಗೋಡೆ, ಇವೆಲ್ಲ ಇವತ್ತು ಮೀನಿನ ಓಡಾಟದ ದಾರಿಗಳು.

ಯಾವ ಸಲಕರಣೆ

ಮೊದಲ ಸಲ ಕೊಳ್ಳುವವರಿಗೆ ಐದಿಂಚಿನ ಪರದೆ, ಜಿಪಿಎಸ್, ಮಾಮೂಲಿ ಸೋನಾರ್ (ಶಬ್ದದಿಂದ ತಳ ನೋಡುವ ವ್ಯವಸ್ಥೆ) ಜೊತೆಗೆ ದೋಣಿಯಡಿಯ ತಳವನ್ನು ವಿವರವಾಗಿ ತೋರಿಸುವ ಡೌನ್ ಇಮೇಜಿಂಗ್ ಇರುವ ಯಂತ್ರ ಸಾಕು. ಜಿಪಿಎಸ್ ಇಲ್ಲದ್ದನ್ನು ಅಗ್ಗ ಎಂದು ಕೊಳ್ಳಬೇಡಿ. ಸಿಕ್ಕ ಜಾಗಕ್ಕೆ ಮತ್ತೆ ಹೋಗಲಾಗದಿದ್ದರೆ ಇಡೀ ದಿನದ ಹುಡುಕಾಟ ದಂಡ. ಹಣ ಇದ್ದರೆ ಸೈಡ್ ಇಮೇಜಿಂಗ್ ಸೇರಿಸಿಕೊಳ್ಳಿ. ದೋಣಿಯ ಎರಡೂ ಬದಿಗೆ ಇಪ್ಪತ್ತೈದು ಮೂವತ್ತು ಮೀಟರ್ ತಳವನ್ನು ಒಂದೇ ಸುತ್ತಿನಲ್ಲಿ ತೋರಿಸುತ್ತದೆ. ಮುಂದಿರುವ ಮೀನು ಅಲ್ಲಾಡುವುದನ್ನು ಆ ಕ್ಷಣವೇ ತೋರಿಸುವ ಲೈವ್ ಸೋನಾರ್ ದುಬಾರಿ, ವಿದ್ಯುತ್ತೂ ಜಾಸ್ತಿ ತಿನ್ನುತ್ತದೆ. ಅಮೆರಿಕದ ಬಾಸ್ ಸ್ಪರ್ಧೆಗಳಲ್ಲೇ ಈಗ ಅದಕ್ಕೆ ಮಿತಿ ಹಾಕುತ್ತಿದ್ದಾರೆ. ತೆಪ್ಪದವರಿಗೆ ಅದು ಬೇಕಿಲ್ಲ.

ದಡದಿಂದ ಗಾಳ ಹಾಕುವವರಿಗೆ ಎಸೆಯುವ ಚೆಂಡಿನಂಥ ಸೋನಾರ್ ಸಿಗುತ್ತದೆ, ಚಿತ್ರ ಫೋನಿಗೆ ಬರುತ್ತದೆ. ಇವುಗಳಲ್ಲಿ ಕೆಲವು 100 ಗ್ರಾಂ ತನಕ ತೂಗುತ್ತವೆ, ಸಣಕಲು ರಾಡ್‌ನಲ್ಲಿ ಎಸೆದರೆ ತುದಿ ಮುರಿಯುತ್ತದೆ, ಇಲ್ಲವೇ ದಾರ ಹರಿದು ಚೆಂಡು ನೀರುಪಾಲು. ಗಟ್ಟಿ ರಾಡ್, ಹೆಣೆದ ದಾರ ಬೇಕು. ಮರದ ಮೋಟುಗಳಿರುವ ಕಡೆ ಎಸೆಯಲೇಬೇಡಿ.

ಶಬ್ದ ಏನನ್ನು ಮುಟ್ಟುತ್ತದೆ

ನೀರಿಗೆ ತಾಗುವ ಟ್ರಾನ್ಸ್‌ಡ್ಯೂಸರ್ ಎಂಬ ಭಾಗ ಶಬ್ದವನ್ನು ಕೆಳಗೆ ಬಿಟ್ಟು ಪ್ರತಿಧ್ವನಿ ಬರುವ ಹೊತ್ತನ್ನು ಅಳೆಯುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹತ್ತು ಮೀಟರ್ ಆಳ ಇದ್ದರೆ ಹೋಗಿಬರಲು ಹದಿಮೂರು ಚಿಲ್ಲರೆ ಮಿಲಿಸೆಕೆಂಡ್. ಶಬ್ದ ಟಾರ್ಚಿನ ಬೆಳಕಿನ ಹಾಗೆ ಕೆಳಗೆ ಹೋದಂತೆ ಅಗಲವಾಗುತ್ತದೆ. 200 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಹರಡುವ ಕೋನ ಸಾಮಾನ್ಯವಾಗಿ ಸುಮಾರು 20 ಡಿಗ್ರಿ, ಅಂದರೆ ಹತ್ತು ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ವೃತ್ತ. 83 ಕಿಲೋಹರ್ಟ್ಸ್‌ನಲ್ಲಿ ಸುಮಾರು 60 ಡಿಗ್ರಿ, ಅದೇ ಆಳದಲ್ಲಿ ಹನ್ನೊಂದೂವರೆ ಮೀಟರ್. ಅಗಲದ್ದು ಹೆಚ್ಚು ಜಾಗ ನೋಡುತ್ತದೆ, ಆದರೆ ಮೀನು ವೃತ್ತದ ಯಾವ ಮೂಲೆಯಲ್ಲಿದೆ ಎಂದು ಹೇಳುವುದಿಲ್ಲ. ಎರಡೇ ಮೀಟರ್ ನೀರಿನಲ್ಲಿ 20 ಡಿಗ್ರಿಯ ವೃತ್ತ ಮುಕ್ಕಾಲು ಮೀಟರೂ ಇಲ್ಲ. ಅಷ್ಟು ತೆಳು ನೀರಿನಲ್ಲಿ ಪರದೆ ಖಾಲಿ ಕಂಡರೆ ಮೀನಿಲ್ಲ ಎಂದಲ್ಲ.

ಕಟ್ಟುವ ಕ್ರಮ

ದೋಷಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ. ಮೋಟಾರ್ ದೋಣಿಯ ಹಿಂಬದಿ ಹಲಗೆಗೆ ಕಟ್ಟುವಾಗ ಟ್ರಾನ್ಸ್‌ಡ್ಯೂಸರ್‌ನ ಕೆಳಮೈ ದೋಣಿಯ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿರಲಿ, ನೀರಿಗೆ ಸಮತಟ್ಟಾಗಿರಲಿ. ಪ್ರೊಪೆಲ್ಲರ್‌ನಿಂದ ಕನಿಷ್ಠ 40 ಸೆಂಟಿಮೀಟರ್ ದೂರ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗುವುದಾದರೆ ಬಲಬದಿಗೇ ಕಟ್ಟಿ. ರೆಕ್ಕೆ ಕೆಳಮುಖವಾಗಿ ಬರುವ ಆ ಬದಿಯಲ್ಲಿ ಗುಳ್ಳೆಯ ಕಾಟ ಕಡಿಮೆ. ದೋಣಿ ತಳದ ಮೊಳೆಸಾಲು, ಏಣುಗಳ ನೇರಕ್ಕೆ ಬೇಡ. ಗಾಳಿಗುಳ್ಳೆ ಶಬ್ದವನ್ನು ಅಲ್ಲೇ ತಡೆಯುತ್ತದೆ. ನಿಂತಾಗ ಸರಿ ಇದ್ದು ವೇಗ ಹೆಚ್ಚಿದಾಗ ಆಳದ ಅಂಕಿ ಮಿಟುಕುತ್ತಿದ್ದರೆ ಯಂತ್ರ ಕೆಟ್ಟಿಲ್ಲ, ಜಾಗ ತಪ್ಪಿದೆ. ಎರಡೆರಡು ಮಿಲಿಮೀಟರ್ ಕೆಳಗಿಳಿಸಿ ನೋಡಿ.

ತೆಪ್ಪ, ಕಯಾಕ್, ಬಾಡಿಗೆ ದೋಣಿಗೆ ಒಂದಿಂಚಿನ ಪಿವಿಸಿ ಪೈಪು ಮತ್ತು ಬಡಗಿಯ ಕ್ಲ್ಯಾಂಪ್ ಸಾಕು. ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಬಿಗಿದು, ನೀರಿನ ಮೇಲ್ಮೈಯಿಂದ 15–20 ಸೆಂಟಿಮೀಟರ್ ಕೆಳಗಿಳಿಸಿ. ದುಂಡು ಹರಿಗೋಲು ಸುತ್ತುತ್ತಲೇ ಇರುವುದರಿಂದ ಅದರಲ್ಲಿ ಸೈಡ್ ಇಮೇಜಿಂಗ್ ವ್ಯರ್ಥ, ಚಿತ್ರ ಎಳೆದು ಕಲಸಿಹೋಗುತ್ತದೆ.

ಐದಿಂಚಿನ ಯಂತ್ರ ಸುಮಾರು ಅರ್ಧದಿಂದ ಒಂದು ಆಂಪಿಯರ್ ಎಳೆಯುತ್ತದೆ. ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ: 0.7 ಆಂಪಿಯರ್‌ಗೆ ಐದು ಗಂಟೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕದಲ್ಲಿ ಅರ್ಧದಷ್ಟೂ ಇಲ್ಲ, ಬಹುತೇಕ ಪೂರ್ತಿ ಬಳಸಬಹುದು. ಧನ ತಂತಿಗೆ ಕೈಪಿಡಿಯಲ್ಲಿ ಹೇಳಿದ ಫ್ಯೂಸ್ ಹಾಕಲೇಬೇಕು. ವಿದ್ಯುತ್ ಮೋಟಾರ್ ಇದ್ದರೆ ಅದಕ್ಕೆ ಬೇರೆ ಬ್ಯಾಟರಿ ಕೊಡಿ, ಎರಡರ ಕೇಬಲ್ ಒಟ್ಟಿಗೆ ಸುತ್ತಬೇಡಿ. ಮೋಟಾರ್ ಹಾಕಿದಾಗ ಮಾತ್ರ ಪರದೆಯ ಮೇಲೆ ಚುಕ್ಕಿ, ಓರೆಗೆರೆ ಬಂದರೆ ಕಾರಣ ಇದೇ.

ಹೊಂದಿಸುವುದು

ಮೊದಲು ಮೀನಿನ ಚಿತ್ರ ತೋರಿಸುವ 'ಫಿಶ್ ಐಡಿ' ಬಂದ್ ಮಾಡಿ. ಎಲೆ, ಗುಳ್ಳೆ, ಮರದ ಕೊಂಬೆ, ಎಲ್ಲಕ್ಕೂ ಅದು ಮೀನಿನ ಗುರುತು ಹಚ್ಚುತ್ತದೆ. ಪ್ರತಿಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಎಂಬ ಸೆನ್ಸಿಟಿವಿಟಿಯನ್ನು ಕೈಯಿಂದಲೇ ಏರಿಸುತ್ತ ಹೋಗಿ. ನಡುನೀರಿನಲ್ಲಿ ಧೂಳಿನಂಥ ಚುಕ್ಕಿ ತುಂಬಿದ ಮೇಲೆ ಅವು ಅಪರೂಪವಾಗುವ ತನಕ ಇಳಿಸಿ. ಮಳೆಗಾಲದ ಕೆಂಪು ನೀರಿನಲ್ಲಿ ಇನ್ನೂ ಸ್ವಲ್ಪ ಇಳಿಸಬೇಕು. ಕೆಸರು ಶಬ್ದವನ್ನು ಪೂರ್ತಿ ತಡೆಯುವುದಿಲ್ಲ, ಆದರೆ ತೇಲುವ ಕಸಕಡ್ಡಿ ಪರದೆ ತುಂಬುತ್ತದೆ. ಆಳದ ಮಿತಿಯನ್ನು ತಳಕ್ಕಿಂತ ಎರಡು ಮೂರು ಮೀಟರ್ ಹೆಚ್ಚಿಗೆ ಇಡಿ. ಹುಡುಕುವಾಗ ವೇಗ ಗಂಟೆಗೆ 4–6 ಕಿಲೋಮೀಟರ್, ಗೆರೆ ಎಳೆದಂತೆ ನೇರ ದಾರಿ.

ಪರದೆ ಓದುವುದು

ಪರದೆ ಫೋಟೋ ಅಲ್ಲ. ಬಲ ಅಂಚು ಈ ಕ್ಷಣದ್ದು, ಎಡಕ್ಕೆ ಇರುವುದೆಲ್ಲ ಕಳೆದದ್ದು. ಅಡ್ಡಗೆರೆ ಹೊತ್ತನ್ನು ಅಳೆಯುತ್ತದೆಯೇ ಹೊರತು ದೂರವನ್ನಲ್ಲ. ನಿಂತ ದೋಣಿಯಡಿ ನಿಂತ ಮೀನು ಉದ್ದ ಗೆರೆ ಎಳೆಯುತ್ತದೆ. ಗೆರೆ ಉದ್ದ ಎಂದು ಮೀನು ದೊಡ್ಡದಲ್ಲ. ದೋಣಿ ಮೀನಿನ ಮೇಲೆ ಹಾದರೆ ಕಮಾನು ಮೂಡುತ್ತದೆ, ಏಕೆಂದರೆ ಮೀನು ವೃತ್ತದ ಅಂಚಿನಲ್ಲಿದ್ದಾಗ ದೂರ, ನಡುವೆ ಬಂದಾಗ ಹತ್ತಿರ. ಅರ್ಧ ಕಮಾನೂ ಮೀನೇ. ಗಾತ್ರ ಅಂದಾಜಿಸಲು ಕಮಾನಿನ ದಪ್ಪ ನೋಡಿ, ಉದ್ದವನ್ನಲ್ಲ.

ಕಲ್ಲು, ಜಂಬಿಟ್ಟಿಗೆಯ ಗಟ್ಟಿ ತಳ ದಪ್ಪ, ಪ್ರಖರ ಪಟ್ಟಿಯಾಗಿ ಕಾಣುತ್ತದೆ. ಅಷ್ಟೇ ಆಳ ಕೆಳಗೆ ಎರಡನೆಯ ತಳವೂ ಮೂಡಬಹುದು, ಅದು ಮರುಕಳಿಸಿದ ಪ್ರತಿಧ್ವನಿ. ಹೂಳಿನ ತಳ ಮಂಕು, ಎರಡನೆಯ ಗೆರೆ ಬರುವುದಿಲ್ಲ. ಗಟ್ಟಿ ತಳ ಹೂಳಿಗೆ ಸೇರುವ ಗಡಿ ಸಿಕ್ಕರೆ ಅಲ್ಲೇ ಗುರುತು ಹಾಕಿ. ಹಳೆ ರಸ್ತೆ ಸಮತಟ್ಟಾದ, ಪ್ರಖರವಾದ ಕಿರುಪಟ್ಟಿ. ಅಗಳು ಥಟ್ಟನೆ ಇಳಿದು ಏರುವ ಕಚ್ಚು. ಬೇಸಿಗೆಯಲ್ಲಿ ಆಳದ ನೀರಿನಲ್ಲಿ, ತಳ ಏರಿಳಿದರೂ ತಾನು ಮಾತ್ರ ಒಂದೇ ಆಳದಲ್ಲಿ ಉಳಿಯುವ ಮಸುಕು ಪಟ್ಟಿ ಕಾಣಬಹುದು. ಬಿಸಿನೀರು ತಣ್ಣೀರಿನ ಮೇಲೆ ಕೂತ ಗಡಿ ಅದು. ಅದರ ಕೆಳಗೆ ಆಮ್ಲಜನಕ ಕಡಿಮೆ ಇರುವುದರಿಂದ ಗಾಳವನ್ನು ಪಟ್ಟಿಯ ಮೇಲೆಯೇ ಇಡಿ.

ಇಳಿಜಾರಿನಲ್ಲಿ ಒಂದು ಮೋಸ ಇದೆ. ವೃತ್ತದೊಳಗಿನ ಅತಿ ಹತ್ತಿರದ ಬಿಂದುವನ್ನೇ ಯಂತ್ರ ತಳ ಎಂದು ಬರೆಯುತ್ತದೆ, ಅದಕ್ಕಿಂತ ಕೆಳಗೆ ನೆಲಕ್ಕಂಟಿದ ಮೀನು ತಳದ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಧರೆಯ ಪಕ್ಕ ಕಿರಿದಾದ, ಹೆಚ್ಚು ಕಂಪನಾಂಕದ ಶಬ್ದವನ್ನೇ ಬಳಸಿ.

ಸೈಡ್ ಇಮೇಜಿಂಗ್‌ನಲ್ಲಿ ವಸ್ತುವಿಗಿಂತ ನೆರಳು ಹೆಚ್ಚು ಹೇಳುತ್ತದೆ. ನೆರಳಿನ ಉದ್ದವನ್ನು ನೀರಿನ ಆಳದಿಂದ ಗುಣಿಸಿ, ದೋಣಿಯಿಂದ ನೆರಳಿನ ಕೊನೆಗಿರುವ ದೂರದಿಂದ ಭಾಗಿಸಿದರೆ ಎತ್ತರದ ಅಂದಾಜು ಸಿಗುತ್ತದೆ. ಎಂಟು ಮೀಟರ್ ಆಳ, ಐದು ಮೀಟರ್ ನೆರಳು, ಕೊನೆ ಇಪ್ಪತ್ತು ಮೀಟರ್ ದೂರ: ಮೋಟು ಎರಡು ಮೀಟರ್ ಎತ್ತರ.

ನೀರಿನ ಮಟ್ಟ ಬರೆದಿಡಿ

ಬೇರೆ ಊರಿನ ಕೈಪಿಡಿಗಳಲ್ಲಿ ಇದಕ್ಕೆ ಇಷ್ಟು ಒತ್ತು ಇರುವುದಿಲ್ಲ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಮೇಲೆ ಬೇಸಿಗೆ ತನಕ ಇಳಿಯುತ್ತಲೇ ಹೋಗುತ್ತದೆ. ಮಟ್ಟ 1810 ಇದ್ದಾಗ ಮೋಟಿನ ನೆತ್ತಿ ಐದು ಮೀಟರ್ ಕೆಳಗೆ ಎಂದು ಗುರುತಿಸಿದ್ದೀರಿ ಎನ್ನಿ. 1795ಕ್ಕೆ ಬಂದಾಗ ನೀರು 15 ಅಡಿ, ಅಂದರೆ ನಾಲ್ಕೂವರೆ ಮೀಟರ್‌ಗಿಂತ ಹೆಚ್ಚು ಇಳಿದಿರುತ್ತದೆ, ಮೋಟು ಅರ್ಧ ಮೀಟರ್ ಒಳಗೇ ಕಾದಿರುತ್ತದೆ. ಪ್ರೊಪೆಲ್ಲರ್ ಮುರಿಯುವುದು ಹೀಗೆ. ಆದ್ದರಿಂದ ಪ್ರತಿ ಗುರುತಿನ ಹೆಸರಲ್ಲೇ ಆ ದಿನದ ಮಟ್ಟ ಸೇರಿಸಿ: 'ಮೋಟು 5 ಮೀ 1810' ಎಂಬ ಹಾಗೆ. ಜಲಾಶಯದ ಮಟ್ಟ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತದೆ. ಭದ್ರಾದ ಪೂರ್ಣಮಟ್ಟ 186 ಅಡಿ ಎಂದು ಬೇರೆಯೇ ಲೆಕ್ಕ, ಎರಡನ್ನೂ ಕಲಸಬೇಡಿ.

ಬೇಸಿಗೆಯಲ್ಲಿ ಇನ್ನೊಂದು ಕೆಲಸ ಮಾಡಬಹುದು, ಅದಕ್ಕೆ ಸೋನಾರ್ ಕೂಡ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದ ಬಯಲಿನಲ್ಲಿ ನಡೆದು, ಬದು, ಅಗಳು, ಕಲ್ಲುಕಟ್ಟೆ, ಮೋಟುಗಳನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅದರ ಮೇಲೆ ನೀರಿರುತ್ತದೆ, ನಕ್ಷೆ ನಿಮ್ಮ ಬಳಿ ಇರುತ್ತದೆ. ಒಣಗಿದಂತೆ ಕಾಣುವ ಹೂಳಿನೊಳಗೆ ಕಾಲು ಹೂತುಹೋಗುತ್ತದೆ, ಕೋಲಿನಿಂದ ತಡವಿಯೇ ಹೆಜ್ಜೆ ಇಡಿ.

ಗುರುತಿನಿಂದ ಗಾಳಕ್ಕೆ

ಜಾಗ ಸಿಕ್ಕ ಕೂಡಲೇ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿಗೆ ದಾರ, ದಾರದ ತುದಿಗೆ ಅರ್ಧ ಕೆಜಿ ಕಲ್ಲು ಕಟ್ಟಿ ಬಿಡಿ. ಜಿಪಿಎಸ್ ಮೂರ್ನಾಲ್ಕು ಮೀಟರ್ ತಪ್ಪಬಹುದು, ಬಾಟಲಿ ತಪ್ಪುವುದಿಲ್ಲ. ಆಮೇಲೆ ಗಾಳಿ ಬರುವ ದಿಕ್ಕಿಗೆ ಸರಿದು, ಆಳದ ಮೂರರಷ್ಟು ಹಗ್ಗ ಬಿಟ್ಟ ಮೇಲೆ ದೋಣಿ ಬಾಟಲಿಯಿಂದ ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿ ನಿಲ್ಲುವಂತೆ ಲಂಗರು ಹಾಕಿ, ಬಾಟಲಿಯ ಕಡೆ ಎಸೆಯಿರಿ. ಮುಗಿದ ಮೇಲೆ ಬಾಟಲಿ ಎತ್ತಿಕೊಂಡು ಬನ್ನಿ.

ಮೀನಿನ ಸ್ವಭಾವ ಗೊತ್ತಿದ್ದರೆ ಮಾತ್ರ ಪರದೆಗೆ ಅರ್ಥ. ರೋಹು ನಡುನೀರಿನದು, ಚೆನ್ನಾಗಿ ಕಾಣುತ್ತದೆ. ಮೃಗಾಲ್, ಸಾಮಾನ್ಯ ಗೆಂಡೆ ತಳ ಕೆದಕುವವು; ತಳದ ಗೆರೆಯಲ್ಲಿ ಕರಗಿಹೋಗುವುದರಿಂದ ಅವಕ್ಕೆ ತಳದ ಗುಣ ನೋಡಿಯೇ ಹಿಂಡಿಯ ಉಂಡೆ ಇಳಿಸಬೇಕು. ಕಾಟ್ಲಾ ಮೇಲ್ನೀರಿನದು, ದೋಣಿ ಹತ್ತಿರ ಬಂದರೆ ಸರಿಯುತ್ತದೆ. ಅದು ಕಂಡರೆ ಸೈಡ್ ಇಮೇಜಿಂಗ್‌ನಲ್ಲಿ ಕಾಣಬೇಕು. ಗಾಳಿ ನುಂಗಲು ಮೇಲೆ ಬರುವ ಮರ್ರೆಲ್ ಜೊಂಡಿನ ತೆಳು ನೀರಿನಲ್ಲಿರುತ್ತದೆ, ಅಲ್ಲಿ ಕಣ್ಣೇ ಸಾಕು. ಮುಂಗಾರಿನ ಮೊದಲ ಮಳೆಗೆ ಹಳ್ಳ, ಗದ್ದೆಗೆ ಏರುವ ಹತ್ತುಮೀನಿಗಂತೂ ಯಾವ ಯಂತ್ರವೂ ಬೇಡ. ಅವು ಮೊಟ್ಟೆ ಹೊತ್ತವು, ಬಿಟ್ಟುಬಿಡುವುದೇ ಒಳ್ಳೆಯದು.

ಹೊರಡುವ ಮುಂಚೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪರವಾನಗಿ ಮತ್ತು ಆ ಋತುವಿನ ನಿಷೇಧ ವಿಚಾರಿಸಿ. ಶರಾವತಿ ಹಿನ್ನೀರಿನ ಕೆಲಭಾಗ ಅಭಯಾರಣ್ಯಕ್ಕೆ, ಭದ್ರಾ ಹಿನ್ನೀರಿನ ಕೆಲಭಾಗ ಹುಲಿ ಮೀಸಲಿಗೆ ಸೇರುತ್ತದೆ, ಅಲ್ಲಿ ಗಾಳ ಹಾಕುವಂತಿಲ್ಲ. ತುಂಗೆಯ ಮತ್ಸ್ಯಧಾಮಗಳಲ್ಲೂ ಅಷ್ಟೇ. ಲೈಫ್ ಜಾಕೆಟ್ ಹಾಕಿಕೊಂಡೇ ದೋಣಿ ಹತ್ತಿ.

ವಾಪಸ್ ಬಂದ ಮೇಲೆ ಟ್ರಾನ್ಸ್‌ಡ್ಯೂಸರ್‌ನ ಮೇಲಿನ ಪಾಚಿಯನ್ನು ಸೋಪಿನ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್ ತಗುಲಿದರೆ ಅದರ ಪ್ಲಾಸ್ಟಿಕ್ ಮೈ ಹಾಳಾಗುತ್ತದೆ. ಸೀಸದ ಬ್ಯಾಟರಿಯನ್ನು ಅದೇ ರಾತ್ರಿ ಚಾರ್ಜಿಗೆ ಹಾಕಿ. ಖಾಲಿಯಾಗಿ ವಾರಗಟ್ಟಲೆ ಕೂತರೆ ಅದು ಮುಂದೆ ಪೂರ್ತಿ ತುಂಬಿಕೊಳ್ಳುವುದಿಲ್ಲ.