ಮೂಲೆ ಸೇರಿದ ಬೈಕ್ ಎತ್ತಿಕೊಂಡು ಬರುವ ಮುಂಚೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಲೇತ್ ಅಂಗಡಿ. ಸಿಲಿಂಡರ್ ಬೋರ್ ಮಾಡುವುದು (ಸವೆದ ಒಳಗೋಡೆಯನ್ನು ಕೊರೆದು ಸಮ ಮಾಡುವುದು), ಕ್ರ್ಯಾಂಕ್‌ಗೆ ಹೊಸ ಕನೆಕ್ಟಿಂಗ್ ರಾಡ್ ಪ್ರೆಸ್ ಮಾಡುವುದು, ಸವೆದ ಕಡೆ ಬುಷ್ ಕೂರಿಸುವುದು ನನ್ನ ಕೆಲಸ. ಕೆಲಸ ಕಲಿತಿದ್ದು ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದಿದ್ದ ಟರ್ನರ್ ಒಬ್ಬರ ಹತ್ತಿರ. ಹಳೇ ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಬೈಕ್ ಹುಡುಕಿಕೊಂಡು ಹಳ್ಳಿ ಸುತ್ತುವ ಹುಡುಗರು ಈಗ ಜಾಸ್ತಿ. ಆದರೆ ಅವರು ನನ್ನ ಹತ್ತಿರ ಬರುವುದು ದುಡ್ಡು ಕೊಟ್ಟ ಮೇಲೆ. ಕೊಡುವ ಮುಂಚೆ ನೋಡಬೇಕಾದ್ದನ್ನು ಇಲ್ಲಿ ಹೇಳುತ್ತೇನೆ.

ಕೆಟ್ಟು ಕೂತ ಭಾಗಕ್ಕೆ ಹೆದರಬೇಡಿ, ಗಾಡಿಯಲ್ಲಿ ಇಲ್ಲವೇ ಇಲ್ಲದ ಭಾಗಕ್ಕೆ ಹೆದರಿ. ಜಾಮ್ ಆದ ಎಂಜಿನ್ ಬಿಡಿಸಬಹುದು, ಸವೆದ ಸಿಲಿಂಡರ್ ಬೋರ್ ಮಾಡಬಹುದು. ಆದರೆ ಟೂಲ್ ಬಾಕ್ಸ್, ಎಂಜಿನ್ ಕವರ್, ಮೀಟರ್, ಹೆಡ್‌ಲೈಟ್ ಡೂಮ್ ಯಾರೋ ಬಿಚ್ಚಿಕೊಂಡು ಹೋಗಿದ್ದರೆ ಅದನ್ನು ಹುಡುಕುವುದರಲ್ಲೇ ನಿಮ್ಮ ಉತ್ಸಾಹ ಮುಗಿಯುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. 2022ರಿಂದ ಬರುತ್ತಿರುವ ಯೆಜ್ಡಿ ಬೇರೆಯೇ ಗಾಡಿ, ಹಳೆಯದು ಟೂ ಸ್ಟ್ರೋಕ್, ಇದು ಫೋರ್ ಸ್ಟ್ರೋಕ್. ಇದರ ಎಂಜಿನ್ ಸಾಮಾನು ಹಳೇ ಯೆಜ್ಡಿ ರೋಡ್‌ಕಿಂಗ್‌ಗೆ ಕೂರುವುದಿಲ್ಲ. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. ಅದಕ್ಕೆ ಡುಪ್ಲಿಕೇಟ್ ಸಾಮಾನು ಬೇಕಾದಷ್ಟಿದೆ, ಒರಿಜಿನಲ್ ಸಿಗುವುದು ಕಷ್ಟ. ಹಾಗಾಗಿ ಓಡುವ ಆದರೆ ಅರ್ಧ ಸಾಮಾನಿಲ್ಲದ ಗಾಡಿಗಿಂತ, ಓಡದ ಆದರೆ ಎಲ್ಲವೂ ಇರುವ ಗಾಡಿಯೇ ನನಗೆ ಇಷ್ಟ.

ಗಾಡಿ ಎಲ್ಲಿ ನಿಂತಿತ್ತು ಅಂತ ಕೇಳಿ. ಜಗಳೂರು, ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ನಿಂತ ಗಾಡಿಗೆ ಧೂಳು ಮೆತ್ತಿರುತ್ತದೆ, ರಬ್ಬರ್ ಬಿರುಕು ಬಿಟ್ಟಿರುತ್ತದೆ, ಆದರೆ ತಗಡು ಉಳಿದಿರುತ್ತದೆ. ಭದ್ರಾ ಕಾಲುವೆ ಕೆಳಗಿನ ಗದ್ದೆ ಊರುಗಳಲ್ಲಿ ಹಾಗಲ್ಲ, ಮಡ್‌ಗಾರ್ಡ್ ಒಳಗಡೆ ಬೆರಳು ಒತ್ತಿ ನೋಡಲೇಬೇಕು. ದನದ ಕೊಟ್ಟಿಗೆಯಲ್ಲಿ ನಿಂತಿದ್ದರೆ ರಿಮ್ ಮತ್ತು ಸ್ಪೋಕ್ ಹೋಗಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಚೀಲದ ಪಕ್ಕ ನಿಂತ ಗಾಡಿ. ಪೊಟ್ಯಾಶ್ ಉಪ್ಪಿನ ಜಾತಿ, ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ. ಮೆಕ್ಕೆಜೋಳ ಇಟ್ಟ ಕೋಣೆಯಾದರೆ ಇಲಿ ವೈರಿಂಗ್ ಕಡಿದಿದೆ ಅಂತಲೇ ಲೆಕ್ಕ ಹಾಕಿ.

ಈಗ ಕಾಗದ. ಇದು ಬೇಜಾರಿನ ಕೆಲಸ, ಆದರೂ ಎಂಜಿನ್ ಮುಟ್ಟುವ ಮುಂಚೆ ಇದೇ ಆಗಬೇಕು. ಆರ್‌ಸಿ ಕೈಗೆ ತೆಗೆದುಕೊಂಡು ಸ್ಟೀರಿಂಗ್ ಕತ್ತಿನ ಹತ್ತಿರ ಇರುವ ಚಾಸಿ ನಂಬರ್ ಹೋಲಿಸಿ. ಕೊಳೆ ಕೂತಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಎಮರಿ ಪೇಪರ್ ಹಚ್ಚಬೇಡಿ. ನಂಬರ್ ಮೇಲೆ ಉಜ್ಜಿದ ಗೆರೆ ಕಂಡರೆ ಆರ್‌ಟಿಓ ಇನ್‌ಸ್ಪೆಕ್ಟರ್‌ಗೆ ಅನುಮಾನ ಬರುತ್ತದೆ, ಬರಬೇಕಾದ್ದೇ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ನಂಬರ್ ಹೊಂದದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ, ಗಾಡಿ ಎಷ್ಟೇ ಚೆನ್ನಾಗಿರಲಿ.

ಹಳ್ಳಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, "ಗಾಡಿ ನಮ್ಮಪ್ಪಾರ ಹೆಸರಲ್ಲೈತಣ್ಣ, ಅವರು ತೀರಿಕೊಂಡು ಬಾಳ ದಿನ ಆತು." ಇದರಲ್ಲಿ ಮೋಸ ಇಲ್ಲ, ಆದರೆ ಕೆಲಸ ಇದೆ. ಮರಣ ಪ್ರಮಾಣಪತ್ರ, ಬಾಕಿ ವಾರಸುದಾರರ ಒಪ್ಪಿಗೆ, ಫಾರಂ 31 ಕೊಟ್ಟು ಮೊದಲು ಮಗನ ಹೆಸರಿಗೆ ಆಗಬೇಕು. ಅಲ್ಲಿಂದ ನಿಮ್ಮ ಹೆಸರಿಗೆ ಬದಲಿಸಲು ಫಾರಂ 29 ಮತ್ತು 30. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಅಂತ ತೋರಿಸುವ ಫಾರಂ 35 ಬೇಕು. ಮೊಳಕಾಲ್ಮೂರು ಕಡೆ ಆಂಧ್ರದ ನಂಬರಿನ ಗಾಡಿಗಳೂ ಸಿಗುತ್ತವೆ, ಅವುಗಳಿಗೆ ಅಲ್ಲಿನ ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಇಲ್ಲದೆ ಮುಂದೆ ಹೋಗಬೇಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ದಂಡ. ಜೊತೆಗೆ ಹಸಿರು ತೆರಿಗೆ. ಇದನ್ನೆಲ್ಲ ಗಾಡಿಯ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ.

ಎಂಜಿನ್‌ಗೆ ಬರೋಣ. ಹೋಗುವಾಗ ಪ್ಲಗ್ ಸ್ಪ್ಯಾನರ್, ಟಾರ್ಚ್, ಒಂದು ಹಳೇ ಬನಿಯನ್ ಬಟ್ಟೆ ಇಟ್ಟುಕೊಳ್ಳಿ. ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಇಳಿಸಿ. ಗಾಳಿ ಬೆರಳನ್ನು ತಳ್ಳಬೇಕು. (ಯೆಜ್ಡಿಯಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. ಗೊತ್ತಿಲ್ಲದವರು ಗೇರ್ ಲಿವರ್ ಮೇಲೆ ಕುಣಿದು ಶಾಫ್ಟ್‌ನ ಹಲ್ಲು ಹಾಳು ಮಾಡಿರುತ್ತಾರೆ, ಅದನ್ನೂ ನೋಡಿ.) ಕಿಕ್ಕರ್ ಅಲ್ಲಾಡದಿದ್ದರೆ ಜೋರು ಮಾಡಬೇಡಿ. ಜಾಮ್ ಆಗಿದೆ ಅಂತ ಬೆಲೆ ಇಳಿಸಿ ತನ್ನಿ. ಮನೆಯಲ್ಲಿ ಪ್ಲಗ್ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ ಕೆಲವು ದಿನ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ತೂಗಿ. ತುಂಬಾ ಸಲ ಹೀಗೇ ಬಿಡುತ್ತದೆ.

ಮಾರುವವರು ಒಪ್ಪಿದರೆ ಹೆಡ್ ಬಿಚ್ಚಿ. ಪಿಸ್ಟನ್ ತಲೆಯ ಮೇಲೆ 25, 50, 75 ಅಂತ ನಂಬರ್ ಹೊಡೆದಿರುತ್ತಾರೆ. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿ.ಮೀ., 250 ಸಿಸಿ ಯೆಜ್ಡಿಯದ್ದು 65. ಪಿಸ್ಟನ್ ಮೇಲೆ 50 ಅಂತ ಇದ್ದರೆ ಈಗಾಗಲೇ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿದ್ದಾರೆ ಅಂತ ಅರ್ಥ. ಒಂದು ಮಿಲಿಮೀಟರ್ ಆಗಿದ್ದರೆ ಮುಂದೆ ಹೊಸ ಸ್ಲೀವ್ (ಸಿಲಿಂಡರಿನ ಒಳಗಿನ ಕೊಳವೆ) ಹಾಕಿಸುವ ಖರ್ಚು ನಿಮ್ಮದು. ಮ್ಯಾಗ್ನೆಟ್ ಕವರ್ ತೆಗೆದು ರೋಟರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಹೋಗಿದೆ. ಕ್ರ್ಯಾಂಕ್‌ನ ಆಯಿಲ್ ಸೀಲ್ ಪರೀಕ್ಷೆ ಮಾಡುವುದೇ ಬೇಡ, ಬದಲಿಸಲೇಬೇಕು, ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್‌ನಲ್ಲಿ ಅದು ಗಟ್ಟಿಯಾಗಿರುತ್ತದೆ. ಬದಲಿಸದೆ ಓಡಿಸಿದರೆ ಅಲ್ಲಿಂದ ಗಾಳಿ ಎಳೆದು ಪಿಸ್ಟನ್ ಕಾಯ್ದು ಹಿಡಿದುಕೊಳ್ಳುತ್ತದೆ.

ಆರ್‌ಎಕ್ಸ್‌ನಲ್ಲಿ ಆಯಿಲ್ ಪಂಪ್ ಇದೆಯೋ, ಮುಚ್ಚಿಸಿದ್ದಾರೋ ಕೇಳಿ. ಗೊತ್ತಿಲ್ಲ ಅಂದರೆ ಪಂಪ್ ಪರೀಕ್ಷೆ ಆಗುವವರೆಗೆ ಪೆಟ್ರೋಲಿಗೇ ಆಯಿಲ್ ಬೆರೆಸಿ. ಯೆಜ್ಡಿಗೆ ಸಾಮಾನ್ಯವಾಗಿ ಬೆರೆಸಿಯೇ ಹಾಕಬೇಕು.

ಟ್ಯಾಂಕ್ ಒಳಗೆ ಟಾರ್ಚ್ ಬಿಡಿ. ತೆಳು ತುಕ್ಕು ಇದ್ದರೆ ಹುಣಸೆಹಣ್ಣು ಕಿವುಚಿದ ನೀರು ತುಂಬಿ ಒಂದೆರಡು ದಿನ ಇಟ್ಟು, ಹಳೇ ನಟ್ಟುಗಳನ್ನು ಹಾಕಿ ಕುಲುಕಿದರೆ ಬಿಡುತ್ತದೆ. ತೊಳೆದು ಒಣಗಿಸಿದ ತಕ್ಷಣ ಒಳಗೆ ಆಯಿಲ್ ಆಡಿಸಿ, ಇಲ್ಲವಾದರೆ ಬೆಳಗಾಗುವುದರಲ್ಲಿ ಮತ್ತೆ ಕೆಂಪು. ಸೋರುವ ಟ್ಯಾಂಕಿಗೆ ಮನೆಯಲ್ಲಿ ಬೆಂಕಿ ತೋರಿಸಬೇಡಿ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ, ಅದು ಸಿಡಿಯುತ್ತದೆ.

ಗಾಡಿ ಮನೆಗೆ ಬಂದ ಮೇಲೆ ಬಣ್ಣ, ಕ್ರೋಮ್ ಅಂತ ಓಡಬೇಡಿ. ಮೊದಲು ಬ್ರೇಕ್, ಆಮೇಲೆ ಎಂಜಿನ್, ವೈರಿಂಗ್. ಬಿಚ್ಚುವಾಗ ಫೋನಿನಲ್ಲಿ ಫೋಟೋ ಹೊಡೆಯಿರಿ, ವೈರ್‌ಗಳದ್ದಂತೂ ಖಂಡಿತ. ಹಳೇ ಸಾಮಾನು ಗುಜರಿಗೆ ಹಾಕಬೇಡಿ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹೊಸದು ಹುಡುಕುವಾಗ ಅದೇ ಅಳತೆ.

ಇನ್ನು ನನ್ನ ಅಂಗಡಿಯ ಮಾತು. ಬೋರ್ ಮಾಡಿಸಲು ಬರುವಾಗ ಹೊಸ ಪಿಸ್ಟನ್ ಕೈಯಲ್ಲೇ ಇರಲಿ. "ನೀವು ಬೋರ್ ಮಾಡಿಡ್ರಿ, ಪಿಸ್ಟನ್ ಆಮೇಲೆ ತರ್ತೀನಿ" ಅಂತ ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಒಂದೇ ನಂಬರಿನ ಎರಡು ಪಿಸ್ಟನ್ ಅಳತೆಯಲ್ಲಿ ಕೂದಲೆಳೆಯಷ್ಟು ಬೇರೆ ಇರಬಹುದು. ಪಿಸ್ಟನ್ ಅಳೆದು, ಅದಕ್ಕೆ ತಕ್ಕ ಗ್ಯಾಪ್ ಬಿಟ್ಟೇ ಬೋರ್ ಮಾಡಬೇಕು. ಬೋರ್ ಆದ ಗಾಡಿಯನ್ನು ಮೊದಲ 500 ಕಿ.ಮೀ. ಪೂರ್ತಿ ಎಕ್ಸಲರೇಟರ್ ಕೊಟ್ಟು ಓಡಿಸಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ. ಹೈವೇ ಬಿಟ್ಟು ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಹರಿಹರದವರೆಗೆ ಹೋಗಿ, ಎಂಜಿನ್ ಆರುವವರೆಗೆ ಟೀ ಕುಡಿದು ವಾಪಸ್ ಬನ್ನಿ. ಮಾರನೇ ದಿನ ಹೆಡ್ ನಟ್ ಒಂದು ಸಲ ಬಿಗಿ ಮಾಡಿ.