ಗೇಮ್ ಆಡುವಾಗ ಲ್ಯಾಪ್‌ಟಾಪ್ ಕಾದು ಬಿಸಿಯಾಗುತ್ತಾ? 100ನ್ನು 99 ಮಾಡಿ ನೋಡಿ
ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಅಂತ ಹೋಗಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎದುರಿಗಿರುವ 100ನ್ನು 99ಕ್ಕೆ ಇಳಿಸಿ, ಚಾರ್ಜರ್ ಹಾಕಿ ಆಡುವವರು ‘ಪ್ಲಗ್ಡ್ ಇನ್’ ಅನ್ನುವ ಸಾಲನ್ನೇ ಬದಲಿಸಬೇಕು. ಒಂದೇ ಪರ್ಸೆಂಟ್ ಅಲ್ವಾ ಅಂತ ನಗಬೇಡಿ. 100ರ ಕೆಳಗೆ ಇಳಿದರೆ ಸಾಮಾನ್ಯವಾಗಿ ಟರ್ಬೊ ಬೂಸ್ಟ್ (ತಾನಾಗಿಯೇ ವೇಗ ಏರಿಸಿಕೊಳ್ಳುವ ವ್ಯವಸ್ಥೆ) ಬಂದ್ ಆಗುತ್ತದೆ, ಸಿಪಿಯು ಅಂದರೆ ಪ್ರೊಸೆಸರ್ ತನ್ನ ಬೇಸ್ ಸ್ಪೀಡ್ (ಮೂಲ ವೇಗ) ದಾಟುವುದಿಲ್ಲ. ಸಿಪಿಯು ಜಾಸ್ತಿ ಕಾಯುವುದು ಆ ಮೇಲಿನ ಓಟದಲ್ಲೇ. ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುವ ಗೇಮ್‌ಗಳಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಅಷ್ಟೇನೂ ಇಳಿಯುವುದಿಲ್ಲ, ಆದರೆ ಕೌಂಟರ್ ಸ್ಟ್ರೈಕ್ ಥರ ಸಿಪಿಯುವನ್ನೇ ನಂಬಿಕೊಂಡ ಗೇಮ್‌ಗಳಲ್ಲಿ ಹೊಡೆತ ಚೆನ್ನಾಗಿಯೇ ಗೊತ್ತಾಗುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯೇ ಕಾಣಿಸುವುದಿಲ್ಲ. ಹಿಂದಿನ ಜಾಲರಿಯಲ್ಲಿ ಧೂಳು ಕಟ್ಟಿಕೊಂಡು ಗಾಳಿಯೇ ಹೊರಗೆ ಬರುತ್ತಿಲ್ಲ ಅಂದರೆ ಸುಮ್ನೆ ಸೆಟ್ಟಿಂಗ್ ಹಿಡಿದು ಕೂರಬೇಡಿ, ಮೊದಲು ಫ್ಯಾನ್ ಕ್ಲೀನ್ ಮಾಡಿಸಿ.